ಮಗ್ಗ ನಿಂತರೆ ಏಳುವ ಕೂಸು

ದೀಪಾವಳಿ ಕಳೆದ ಮೂರನೆಯ ದಿನ, ಸೇಲಂ ಪಟ್ಟಣದ ಒಂದು ಹೆರಿಗೆ ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ನನ್ನ ಮೇಜಿನ ಮೇಲೆ ಹಳದಿ ಕಾರ್ಡೊಂದು ಬಂದು ಬಿದ್ದಿತು. ಮೂರೂವರೆ ತಿಂಗಳ ಹೆಣ್ಣು ಕೂಸಿನ ಕಾರ್ಡು. ‘ಕಿವಿ’ ಎಂಬ ಸಾಲಿನ ಎದುರು ನೇರಳೆ ಮಸಿಯ ರಬ್ಬರ್ ಮುದ್ರೆ: ‘ಹಿಯರಿಂಗ್ ನಾರ್ಮಲ್’. ಮುದ್ರೆಯ ಕೆಳಗೆ ಒಂದು ಸಹಿ. ಆ ಸಹಿ ನನ್ನದು.

ಕಾರ್ಡು ತಂದವಳು ಕೂಸಿನ ತಾಯಿ. ತಾರಮಂಗಲಂನ ಕನ್ನಡ ನೇಕಾರರ ಮನೆಯವಳು. ಹಬ್ಬಕ್ಕೆಂದು ಸೇಲಂನ ತವರಿಗೆ ಬಂದಿದ್ದಳು.

“ಬೀದೀಲಿ ಸರಪಟಾಕಿ ಅಚ್ಚಿದ್ರು ಮೇಡಂ. ನನ್ ದೊಡ್ಡ ಮಗ ಕಿರ್ಚ್ಕೊಂಡು ಓಡ್ಬಂದು ಸೀರೆ ಇಡ್ಕೊಂಡ. ಇವಳು ಜಗಲಿ ಮ್ಯಾಲೆ ಮಲಗಿದ್ಲು. ರೆಪ್ಪೆ ಕೂಡಾ ಅಲ್ಲಾಡ್ಲಿಲ್ಲ.”

ಅವಳ ಹಿಂದೆ ನಿಂತಿದ್ದ ಮುದುಕಿ ಅಷ್ಟಕ್ಕೇ ಸಿಡಿದರು. “ಅಲ್ಲಾಡ್ದಿದ್ರೆ ನಿನಗೇನ್ಲೇ ಕಷ್ಟ? ರಂಪ ಮಾಡ್ದ ಸಮತ್ತಾದ ಕೂಸು ಕೊಟ್ನಲ್ಲಾ ಅಂತ ದ್ಯಾವ್ರಿಗೆ ಕೈಮುಗಿ. ಊರೆಲ್ಲಾ ಅಳೋ ಕೂಸು ಕಟ್ಕೊಂಡು ಸಾಯ್ತೈತೆ, ನಿನಗೆ ಅಳದಿರೋದೇ ಚಿಂತೆ!” ಆಮೇಲೆ ನನ್ನತ್ತ ತಿರುಗಿ, “ಮೇಡಂ, ನೀವೇ ಯೋಳಿ. ಕಿವಿ ಸರಿಯಾಗೈತೆ ಅಂತ ನೀವೇ ತಾನೇ ಕೈಯೆಳುತ್ತು ಆಕಿರೋದು?” ಎಂದು ಕಾರ್ಡಿನ ಮೇಲಿನ ಸಹಿಯನ್ನು ಬೆರಳಿನಿಂದ ಕುಟ್ಟಿ ತೋರಿಸಿದರು.

ಕೂಸಿನ ತಾಯಿ ಮದುವೆಯಾಗಿದ್ದದ್ದು ತನ್ನ ಸೋದರಮಾವನನ್ನೇ. ಹಾಗಾಗಿ ಈ ಮುದುಕಿ ಅವಳಿಗೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ಮನೆಯವರೆಲ್ಲರಿಗೂ ಅಜ್ಜಿ; ಮುಂದೆ ನನಗೂ.

ಅಜ್ಜಿಯ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಅದನ್ನು ಹೇಳುವ ಬದಲು ಕಾರ್ಡನ್ನು ಮಗುಚಿಟ್ಟೆ.

ಆ ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿಯೊಂದು ಕೂಸಿನ ಕಿವಿಯನ್ನೂ ಮನೆಗೆ ಕಳುಹಿಸುವ ಮುನ್ನ ಪರೀಕ್ಷಿಸಲಾಗುತ್ತದೆ ಎಂದು ಬಾಗಿಲಲ್ಲೇ ಹಲಗೆ ತೂಗುಹಾಕಿದ್ದರು. ಪರೀಕ್ಷೆ ನಡೆಯುತ್ತಿದ್ದ ರೀತಿಯನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. ಬೆಳಗಿನ ಎಂಟು ಗಂಟೆಗೆ ಆಯಾ ಒಬ್ಬಳು ಕಬ್ಬಿಣದ ತೊಟ್ಟಿಲುಗಳ ಸಾಲಿನಲ್ಲಿ ನಡೆದು ಬರುತ್ತಾಳೆ. ಕೈಯಲ್ಲಿ ಒಂದು ಸ್ಟೀಲ್ ತಟ್ಟೆ, ಒಂದು ಚಮಚ. ತಟ್ಟೆಯನ್ನು ತೊಟ್ಟಿಲಿನ ಕಬ್ಬಿಣದ ಅಂಚಿಗೆ ಒರಗಿಸಿ ಚಮಚದಿಂದ ಒಂದೇಟು ಹೊಡೆಯುತ್ತಾಳೆ. ಕೂಸು ಬೆಚ್ಚುತ್ತದೆ. ಮುದ್ರೆ ಬೀಳುತ್ತದೆ. ಆ ಏಟಿಗೆ ತೊಟ್ಟಿಲೇ ನಡುಗುತ್ತದೆಂಬುದನ್ನು, ಕಿವಿಯೇ ಇಲ್ಲದ ಕೂಸೂ ಆ ನಡುಕಕ್ಕೆ ಬೆಚ್ಚಬಲ್ಲದೆಂಬುದನ್ನು ಕೇಳುವವರು ಯಾರೂ ಇರಲಿಲ್ಲ. ವಾರದ ಕೊನೆಗೆ ರಿಜಿಸ್ಟರು ನನ್ನ ಮೇಜಿಗೆ ಬರುತ್ತಿತ್ತು. ನಾನು ಪುಟಪುಟಕ್ಕೂ ಸಹಿ ಹಾಕುತ್ತಿದ್ದೆ.

ಮೊದಲ ವಾರವೇ ನಾನು ಆಕ್ಷೇಪಿಸಿದ್ದೆ. ಮಕ್ಕಳ ವಿಭಾಗದ ಹಿರಿಯ ವೈದ್ಯರು, “ಮೊದಲು ಇಲ್ಲಿಯ ಕೆಲಸ ಕಲಿ, ಆಮೇಲೆ ನಮಗೆ ಕಲಿಸುವೆಯಂತೆ” ಎಂದಿದ್ದರು. ಮೈಸೂರಿನಲ್ಲಿ ನಾಲ್ಕು ವರ್ಷ ಕುಳಿತು ಶ್ರವಣ ವಿಜ್ಞಾನ ಓದಿ ಬಂದವಳು ನಾನು. ನವಜಾತ ಶಿಶುವಿನ ಪರೀಕ್ಷೆಗೆ ನಿಶ್ಶಬ್ದವಾದ ಕೋಣೆ ಬೇಕು, ಕೂಸು ತೆಳುನಿದ್ದೆಯಲ್ಲಿರಬೇಕು, ಸದ್ದು ಕಣ್ಣಿಗೆ ಕಾಣದ ಕಡೆಯಿಂದ ಬರಬೇಕು, ಹಾಸಿಗೆಯನ್ನೂ ಮೈಯನ್ನೂ ಏನೂ ತಾಕಬಾರದು, ಗಾಳಿ ಕೂಡ ಬೀಸಬಾರದು, ಒಂದೇ ಉತ್ತರ ಮೂರು ಸಲ ಸಿಗಬೇಕು. ಇವೆಲ್ಲ ಬಾಯಿಪಾಠವಾಗಿದ್ದವಳು, ‘ಆಮೇಲೆ’ ಎಂಬ ಒಂದು ಮಾತಿಗೆ ತಲೆಬಾಗಿ ವಾರವಾರವೂ ಸಹಿ ಹಾಕಿದ್ದೆ. ಗೊತ್ತಿಲ್ಲದೆ ಮಾಡಿದವರನ್ನು ಕ್ಷಮಿಸಬಹುದು. ನಾನು ಗೊತ್ತಿದ್ದು ಮಾಡಿದ್ದೆ.

ಕೂಸಿನ ಹೆರಿಗೆಯ ಕಡತ ತರಿಸಿದೆ. ಹುಟ್ಟಿದ ಎರಡನೆಯ ದಿನಕ್ಕೆ ಕಾಮಾಲೆ ಏರಿ ನೀಲಿ ದೀಪದ ಕೆಳಗೆ ಇರಿಸಿದ್ದರು. ಆಮೇಲೆ ರಕ್ತಕ್ಕೆ ನಂಜು ಹತ್ತಿ, ಕಿವಿಯ ನರಕ್ಕೆ ಕೆಡುಕು ಮಾಡಬಲ್ಲ ಒಂದು ಇಂಜೆಕ್ಷನ್ನನ್ನು ಹತ್ತು ದಿನ ಕೊಟ್ಟಿದ್ದರು. ಜೀವ ಉಳಿಸಲು ಅದು ಬೇಕೇ ಬೇಕಿತ್ತು. ಅದರ ಬಗ್ಗೆ ನನ್ನ ತಕರಾರಿಲ್ಲ. ತಂದೆತಾಯಿ ರಕ್ತಸಂಬಂಧಿಗಳು. ಈ ಮೂರರಲ್ಲಿ ಒಂದೇ ಇದ್ದರೂ ಕೂಸನ್ನು ಮತ್ತೆ ಮತ್ತೆ ಕರೆಸಿ ನೋಡಬೇಕು. ಮೂರೂ ಇದ್ದ ಕೂಸಿಗೆ ನಾವು ಕೊಟ್ಟಿದ್ದು ಒಂದು ಮುದ್ರೆ.

ಪರೀಕ್ಷಿಸಲು ಕುಳಿತರೆ ಕಿವಿಯೊಳಗೆ ದೀಪ ಬಿಟ್ಟು ನೋಡುವುದಕ್ಕೂ ಆಗಲಿಲ್ಲ. ಎರಡು ಕಿವಿಯ ತುಂಬ ಎಣ್ಣೆ, ಅದರಲ್ಲಿ ತೇಯ್ದ ಬಜೆ.

“ನೀರು ಉಯ್ದ ಮ್ಯಾಲೆ ಎಣ್ಣೆ ಬಿಡ್ದೆ ಇರ್ತಾರಾ?” ಎಂದರು ಅಜ್ಜಿ. “ನಾ ಆರು ಮಕ್ಳು ಎತ್ತಿದೀನಿ. ಆರಕ್ಕೂ ಬಿಟ್ಟಿದೀನಿ. ಒಬ್ಬನಾದ್ರೂ ಕಿವುಡ ಆದ್ನಾ ಕೇಳು. ಈ ಅಳ್ಕೊಂಡು ನಿಂತಿರೋಳ ತಾಯಿ ಕಿವಿಗೂ ನಾನೇ ಬಿಟ್ಟಿದ್ದು.”

ಎಣ್ಣೆಯ ಸುದ್ದಿ ಹಿರಿಯ ವೈದ್ಯರಿಗೆ ಮುಟ್ಟಿದ್ದೇ ತಡ, ಅವರಿಗೆ ಕಾರಣ ಸಿಕ್ಕಿಬಿಟ್ಟಿತು. ಎಣ್ಣೆ ನಿಲ್ಲಿಸಿ, ಒಂದು ತಿಂಗಳು ಬಿಟ್ಟು ನೋಡೋಣ. ಎಣ್ಣೆಯಿಂದ ಕಿವಿಗೆ ಸೋಂಕಾಗಬಹುದು, ಕೊಳೆ ಕಟ್ಟಬಹುದು; ಆದರೆ ಪಕ್ಕದಲ್ಲಿ ಸಿಡಿದ ಪಟಾಕಿ ಕೇಳಿಸದಷ್ಟು ಕಿವಿ ಮುಚ್ಚಿಹೋಗುವುದಿಲ್ಲ. ಇದು ಅವರಿಗೂ ಗೊತ್ತಿತ್ತು. ತಪ್ಪು ಆ ಮನೆಯ ಮುದುಕಿಯದಾದರೆ ಆಸ್ಪತ್ರೆಯದಾಗುವುದಿಲ್ಲವಲ್ಲ! ನಾನು ವಾದಿಸಿದೆ. “ಮೂರು ವರ್ಷಕ್ಕೆ ಮಾತು ಬಾರದಿದ್ದರೆ ಆಗ ನೋಡಿದರಾಯಿತು, ಎಲ್ಲರೂ ಹಾಗೇ ಮಾಡುವುದು” ಎಂದರು. ಎಲ್ಲರೂ ಹಾಗೇ ಮಾಡುತ್ತಿದ್ದರು, ನಿಜ. ಕೂಸು ಮಾತನ್ನು ಕೇಳಿ ಕೇಳಿ ಮಿದುಳಲ್ಲಿ ಕಟ್ಟಿಕೊಳ್ಳುವ ಮೂರು ವರ್ಷಗಳನ್ನು ಸುಮ್ಮನೆ ಕಳೆದು, ಆಮೇಲೆ ಮಾತೇಕೆ ಬರಲಿಲ್ಲವೆಂದು ಕೇಳುತ್ತಿದ್ದರು.

ಕಿವಿ ಸ್ವಚ್ಛವಾಗಲು ಒಂದು ವಾರ ಹಿಡಿಯಿತು. ಆ ವಾರದ ಕೊನೆಗೆ ನನ್ನ ಕೋಣೆಯಲ್ಲಿ ಮಾಡಿದ ಪರೀಕ್ಷೆಯಿಂದ ಏನೂ ತಿಳಿಯಲಿಲ್ಲ. ಒಂದು ಕಡೆ ಜನರೇಟರು, ಇನ್ನೊಂದು ಕಡೆ ಉಪಕರಣ ಕುದಿಸುವ ಪಾತ್ರೆಗಳ ಗಲಾಟೆ. ನನ್ನ ಬಳಿಯಿದ್ದದ್ದು ತಗಡಿನ ಡಬ್ಬಿಯಲ್ಲಿ ಒಂದು ಗಂಟೆ, ಒಂದು ಗಿಲಕಿ, ಅಂಗೈಯಗಲದ ಒಂದು ತಮಟೆ. ಕೂಸು ಒಮ್ಮೆ ಕಣ್ಣು ಬಿಟ್ಟಿತು, ಒಮ್ಮೆ ಬಿಡಲಿಲ್ಲ. ಅಜ್ಜಿ ಕೈ ಕೊಡವಿ ಎದ್ದರು.

“ಇಲ್ಲಿ ಏನ್ ತಿಳೀತೈತೆ ನಿನಗೆ? ನಮ್ಮನೆಗೆ ಬಾ. ಮಗ್ಗ ಆಡ್ತಿರೋವರ್ಗೂ ನಿದ್ದೆ ಒಡೀತಾಳೆ. ಮಗ್ಗ ನಿಲ್ತಾ, ಟಕ್ ಅಂತ ಏಳ್ತಾಳೆ. ಕೇಳ್ದೆ ಇದ್ರೆ ನಿಂತಿದ್ದು ಹೆಂಗೆ ಗೊತ್ತಾಯ್ತದೆ?”

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಿಕೊಂಡು ಮುಂದಿನ ಭಾನುವಾರ ತಾರಮಂಗಲಂಗೆ ಬಸ್ಸು ಹತ್ತಿದೆ.

ದೇವಸ್ಥಾನದ ಹಿಂದಿನ ಬೀದಿಯಲ್ಲಿ ಅವರ ಮನೆ. ಬೀದಿಗೆ ಬೀದಿಯೇ ಮಗ್ಗದ ಸದ್ದು. ಒಳಗೆ ನಡುಮನೆಯಲ್ಲಿ ಗುಂಡಿಮಗ್ಗ. ಕೂಸಿನ ತಂದೆ ಗುಂಡಿಯೊಳಗೆ ಕಾಲಿಳಿಸಿ ಕುಳಿತು ರೇಷ್ಮೆ ಸೀರೆ ನೇಯುತ್ತಿದ್ದ. ಲಾಳಿ ಈ ಕಡೆಯಿಂದ ಆ ಕಡೆಗೆ ಹಾರುತ್ತಿತ್ತು. ಪ್ರತಿ ಎಳೆಗೂ ಹಲಗೆ ಬಂದು ಬಡಿಯುತ್ತಿತ್ತು. ಎರಡು ಮಾರು ಆಚೆಗೆ ಸೀರೆಯ ತೊಟ್ಟಿಲಲ್ಲಿ ಕೂಸು ಮಲಗಿತ್ತು. ಅಷ್ಟು ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ.

ಅಜ್ಜಿ ಕೈಯೆತ್ತಿದರು. ಮಗ್ಗ ನಿಂತಿತು. ಐದು ಎಣಿಸುವಷ್ಟರಲ್ಲಿ ತೊಟ್ಟಿಲು ಅಲ್ಲಾಡಿತು, ಕೂಸು ಮುಲುಗಿ ಕಣ್ಣು ಬಿಟ್ಟಿತು.

“ನೋಡ್ದ್ಯಾ?” ಎಂದರು ಅಜ್ಜಿ, ಪರೀಕ್ಷೆ ಪಾಸಾದವರ ಹಾಗೆ.

ಹಾಲು ಕುಡಿಸಿ ಮಲಗಿಸಿ ಮತ್ತೊಮ್ಮೆ ಮಾಡಿದೆವು. ಮತ್ತೆ ಎದ್ದಿತು. ತೊಟ್ಟಿಲನ್ನು ಯಾರೂ ಮುಟ್ಟಿರಲಿಲ್ಲ. ಅದನ್ನಂತೂ ಕಣ್ಣಿಟ್ಟು ನೋಡಿದ್ದೆ. ನಾನು ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಒಪ್ಪಿಕೊಳ್ಳಲು ಕಾದಿದ್ದೆ. ಕೂಸಿಗೆ ಕೇಳಿಸುತ್ತದೆ ಎಂದಾದರೆ ಆ ಸಹಿ ಸುಳ್ಳಾಗುತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ‘ಕೇಳಿಸುತ್ತಿರುವ ಸಾಧ್ಯತೆ ಇದೆ’ ಎಂದು ಬರೆದೆ. ತಾಯಿ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ. “ನಮ್ಮವ್ವನ ಮನೇಲಿ ಇವಳು ಹಿಂಗ್ ಏಳಾಕಿಲ್ಲ ಮೇಡಂ” ಎಂದಷ್ಟೇ ಅಂದಳು. ಅಲ್ಲಿ ಮಗ್ಗವಿರಲಿಲ್ಲ. ಹಾಗಾಗಿ ಏಳುವುದಿಲ್ಲ ಎಂದು ನಾನೇ ಅವಳಿಗೆ ಸಮಾಧಾನ ಹೇಳಿ ಹೊರಟೆ.

ಸೇಲಂಗೆ ಮರಳುವ ಬಸ್ಸು ಓಮಲೂರಿನ ನಿಲ್ದಾಣದಲ್ಲಿ ನಿಂತಿತು. ಚಾಲಕ ಇಂಜಿನ್ ಆರಿಸಿ ಚಹಾಕ್ಕೆ ಇಳಿದ. ನಿಲ್ದಾಣದಲ್ಲಿ ಸದ್ದಿಗೇನೂ ಕಡಿಮೆಯಿರಲಿಲ್ಲ. ಸೌತೆಕಾಯಿ ಮಾರುವವರು, ಕಂಡಕ್ಟರುಗಳ ಕೂಗು. ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋಗಿದ್ದ ಹೆಂಗಸು ಇಂಜಿನ್ ನಿಂತ ಕೂಡಲೇ ಎದ್ದು ಕೂತು, “ಎಂದ ಊರು?” ಎಂದು ತಮಿಳಿನಲ್ಲಿ ಊರು ಯಾವುದೆಂದು ಕೇಳಿದಳು. ಅವಳನ್ನು ಎಬ್ಬಿಸಿದ್ದು ಸದ್ದಲ್ಲ. ಸೀಟಿನ ಕೆಳಗಿನ ನಡುಕ ನಿಂತದ್ದು. ಅದನ್ನು ನನ್ನ ಮೈಯೂ ಅದೇ ಗಳಿಗೆಯಲ್ಲಿ ಗುರುತಿಸಿತ್ತು.

ತೊಟ್ಟಿಲನ್ನು ಯಾರೂ ಮುಟ್ಟಿರಲಿಲ್ಲ. ಆದರೆ ತೊಟ್ಟಿಲಿನ ಹಗ್ಗ ಎಲ್ಲಿಗೆ ಕಟ್ಟಿತ್ತು? ನಾನು ನೋಡಿರಲಿಲ್ಲ. ತಲೆಯೆತ್ತಿ ನೋಡುವಷ್ಟು ಬುದ್ಧಿ ಓಡಿರಲಿಲ್ಲ. ಮೇಚೇರಿಯ ಕಡೆಯ ಹೊಲಮನೆಯಲ್ಲಿ ಬೆಳೆದವಳಿಗೆ ಮಗ್ಗದ ಮನೆಯ ತೊಲೆಗಳ ಪರಿಚಯವಿರಲಿಲ್ಲ ಎಂಬುದು ನೆಪ. ನೋಡಬೇಕಾದದ್ದನ್ನು ನೋಡದಿರುವುದಕ್ಕೆ ನೆಪಗಳು ಬಹಳ. ನಾನು ಇಳಿದು, ರಸ್ತೆ ದಾಟಿ, ಎದುರಿನ ಬಸ್ಸು ಹಿಡಿದೆ.

ಹೋಗಿ ನಡುಮನೆಯಲ್ಲಿ ನಿಂತು ಮೇಲೆ ನೋಡಿದೆ. ಗುಂಡಿಮಗ್ಗದ ಮೇಲೆ, ಸೀರೆಯಂಚಿನ ಚಿತ್ತಾರ ತೆಗೆಯುವ ಜಕಾರ್ಡ್ ಪೆಟ್ಟಿಗೆಯನ್ನು ಹೊತ್ತ ದಪ್ಪ ತೊಲೆ. ಆ ತೊಲೆಯ ಇನ್ನೊಂದು ತುದಿಗೇ ತೊಟ್ಟಿಲಿನ ಹಗ್ಗ. ಹಲಗೆಯ ಒಂದೊಂದು ಹೊಡೆತವೂ ತೊಲೆಯಿಂದ ಹಗ್ಗಕ್ಕೆ, ಹಗ್ಗದಿಂದ ಕೂಸಿನ ಬೆನ್ನಿಗೆ ಇಳಿಯುತ್ತಿತ್ತು. ತೂಗುವ ಕೈ ಉಳಿಯಲಿ ಎಂದು ಆ ಬೀದಿಯ ಎಲ್ಲ ಮನೆಗಳಲ್ಲೂ ಹಾಗೇ ಕಟ್ಟುತ್ತಿದ್ದರಂತೆ.

“ಮತ್ಯಾಕ್ ಬಂದೆ?” ಎಂದರು ಅಜ್ಜಿ.

“ಇನ್ನೊಂದ್ ಸಲ ನೋಡ್ಬೇಕು ಅಜ್ಜಿ. ಕೂಸು ತೊಟ್ಲಾಗೆ ಬ್ಯಾಡ, ತಾಯಿ ಮಡಿಲಾಗೆ ಮಲಗ್ಲಿ.”

ಹೊರಬಾಗಿಲ ಆಚೆಗೆ, ಮೂರು ಹಾಸಿಗೆ ಮಡಚಿ ಹಾಕಿ ಅದರ ಮೇಲೆ ತಾಯಿಯನ್ನು ಕೂರಿಸಿದೆ, ನೆಲದ ನಡುಕವೂ ತಾಕದಿರಲೆಂದು. ಕೂಸು ನಿದ್ದೆ ಹೋಗಲು ಒಂದು ಗಂಟೆ ಹಿಡಿಯಿತು. ಮಗ್ಗ ಓಡಿತು. ಮಗ್ಗ ನಿಂತಿತು. ಕೂಸು ಏಳಲಿಲ್ಲ. ಮತ್ತೆ ಓಡಿತು, ಮತ್ತೆ ನಿಂತಿತು. ಏಳಲಿಲ್ಲ. ಮೂರನೆಯ ಸಲವೂ ಇಲ್ಲ.

“ವಟ್ಟೆ ತುಂಬೈತೆ, ಅದ್ಕೇ,” ಎಂದರು ಅಜ್ಜಿ. ದನಿಯಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ.

ಅದೇ ನಿದ್ದೆಯಲ್ಲಿ ಕೂಸನ್ನು ಮೆಲ್ಲಗೆ ತೊಟ್ಟಿಲಿಗೆ ಸಾಗಿಸಿದೆವು. ಈಗ ಮಗ್ಗ ಬೇಡ ಎಂದೆ. ತಂದೆಯ ಕೈಮುಷ್ಟಿಗೆ ಹಳೆಯ ಬಟ್ಟೆ ಸುತ್ತಿ, ಹಲಗೆ ಬಡಿಯುವ ಲಯದಲ್ಲೇ ತೊಲೆಯನ್ನು ಗುದ್ದಲು ಹೇಳಿದೆ. ಸದ್ದೆಂಬುದು ಹೆಸರಿಗಷ್ಟೇ, ಮೂಲೆಯಲ್ಲಿ ಕುಳಿತ ನನಗೇ ಸರಿಯಾಗಿ ಕೇಳುತ್ತಿರಲಿಲ್ಲ. ಆತ ಒಂದೇ ಸಮನೆ ಗುದ್ದಿದ. ಕೂಸು ಸುಖವಾಗಿ ಮಲಗಿತ್ತು. ಕೈಸನ್ನೆ ಮಾಡಿದೆ. ಆತ ನಿಲ್ಲಿಸಿದ.

ಕೂಸು ಕಣ್ಣು ಬಿಟ್ಟಿತು.

ತಾಯಿ ಅಳಲಿಲ್ಲ, ಅವಳು ಮೊದಲ ದಿನ ಆಸ್ಪತ್ರೆಯಲ್ಲೇ ಅತ್ತು ಮುಗಿಸಿದ್ದಳು. ಅಜ್ಜಿ ನನ್ನೆದುರಿಗೆ ಬಂದು ನಿಂತರು.

“ನಿನ್ ಕಾಗ್ದ ಸುಳ್ಳಾ, ನನ್ ಮಗ್ಗ ಸುಳ್ಳಾ?”

“ಮಗ್ಗ ಸುಳ್ಳು ಯೋಳಿಲ್ಲ ಅಜ್ಜಿ. ಕಾಗ್ದ ಸುಳ್ಳು. ಬರ್ದೋಳು ನಾನು.”

“ಪರೀಕ್ಷೆ ಮಾಡಿ ಬರ್ದ್ಯಾ, ಮಾಡ್ದೆ ಬರ್ದ್ಯಾ?”

“ಮಾಡ್ದೆ.”

ಅವರು ನನ್ನನ್ನು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ನನ್ನ ಓದನ್ನೂ, ಓದಿಸಿದವರನ್ನೂ, ನನ್ನ ಕೈಯಲ್ಲಿದ್ದ ಪೆನ್ನನ್ನೂ ಬಿಡದೆ ಬೈದರು. ಎಲ್ಲವೂ ನನಗೆ ಸಲ್ಲಬೇಕಾದದ್ದೇ ಆಗಿತ್ತು. ಕೊನೆಗೆ ಕೂಸಿನ ತಂದೆ ಮುಷ್ಟಿಯ ಬಟ್ಟೆ ಬಿಚ್ಚುತ್ತ, “ಬುಡವ್ವಾ ಸಾಕು. ಈಗ ಏನ್ ಮಾಡ್ಬೇಕು, ಅದ್ ಯೋಳು ತಾಯಿ” ಎಂದು ನನ್ನ ಕಡೆ ತಿರುಗಿದ.

ಏನು ಮಾಡಬೇಕೆಂಬುದು ಸ್ಪಷ್ಟವಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ, ನಿದ್ದೆಯಲ್ಲಿರುವ ಕೂಸಿನ ತಲೆಗೆ ತಂತಿಗಳನ್ನಂಟಿಸಿ, ಕಿವಿಗೆ ಟಕಟಕ ಸದ್ದು ಕಳುಹಿಸಿ, ಕಿವಿಯ ನರ ಕೊಡುವ ಉತ್ತರವನ್ನು ಗೆರೆಗಳಾಗಿ ತೆಗೆಯುವ ಯಂತ್ರವಿತ್ತು. ಆಗ ನಮ್ಮ ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ನನಗೆ ತಿಳಿದಂತೆ ಅದು ಎಲ್ಲಿಯೂ ಇರಲಿಲ್ಲ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ವಿಚಾರಿಸಿದೆ. ವೈದ್ಯರ ಪತ್ರವಿಲ್ಲದೆ ಬಂದರೆ ಸರದಿ ಸಿಗಲು ತಿಂಗಳುಗಳಾಗುತ್ತವೆ, ಪತ್ರವಿದ್ದರೆ ಎರಡು ವಾರ ಎಂದರು. ಪತ್ರಕ್ಕೆ ಸಹಿ ಹಾಕಬೇಕಾದವರು ನಮ್ಮ ಹಿರಿಯ ವೈದ್ಯರು.

ಅವರು ಪತ್ರವನ್ನು ಓದಿ ಮೇಜಿನ ಮೇಲೆ ಮಗುಚಿಟ್ಟರು. ನಮ್ಮ ಮಾತು ತಮಿಳಿನಲ್ಲಿ ನಡೆಯಿತು.

“ಹುಟ್ಟಿದಾಗ ನಾರ್ಮಲ್, ಈಗ ಕಿವುಡು. ನಡುವೆ ಏನಾಯಿತು ಎಂದು ಬೆಂಗಳೂರಿನವರು ಕೇಳಿದರೆ ಏನು ಹೇಳುತ್ತೀಯ?”

“ನಡುವೆ ಏನಾಯಿತೆಂದು ಯಾರಿಗೂ ಗೊತ್ತಿಲ್ಲ ಸರ್. ಹುಟ್ಟಿದಾಗ ಪರೀಕ್ಷೆಯೇ ಆಗಿರಲಿಲ್ಲ ಎನ್ನುತ್ತೇನೆ.”

“ಕೆಳಗಿರುವ ಸಹಿ ನಿನ್ನದು.”

“ಅದಕ್ಕೇ ನಾನೇ ಹೇಳಬೇಕು.”

“ರಿಜಿಸ್ಟರಿನಲ್ಲಿ ನಾರ್ಮಲ್ ಎಂದಿರುವ ಕೂಸಿಗೆ ನಾನು ಪತ್ರ ಕೊಡಲಾಗದು. ಒಂದು ಸಾಲು ತಿದ್ದಿದರೆ ಎಲ್ಲವನ್ನೂ ತಿದ್ದಬೇಕಾಗುತ್ತದೆ. ತಿಳಿಯಿತೇ?”

ತಿಳಿಯಿತು. ಅವರು ನನ್ನನ್ನು ತಡೆಯಲೆಂದು ಹೇಳಿದ ಮಾತಿನಲ್ಲೇ ನಾನು ಮಾಡಬೇಕಾದ ಕೆಲಸವಿತ್ತು. ರಿಜಿಸ್ಟರನ್ನು ತಂದು ನನ್ನ ಮೇಜಿನ ಮೇಲೆ ಬಿಚ್ಚಿದೆ. ನಾನು ಸೇರಿದ ದಿನದಿಂದ ಮೊದಲುಮಾಡಿ ಒಂದೊಂದೇ ಸಾಲು ಓದಿದೆ. ಎರಡನೆಯ ವಾರದ ಪುಟದಲ್ಲಿ ಒಂದು ಗಂಡು ಕೂಸು. ತೂಕ, ಹುಟ್ಟಿದ ಹೊತ್ತು, ತಾಯಿಯ ಊರು ಕೊಳತ್ತೂರು. ಕೊನೆಯ ಅಂಕಣದಲ್ಲಿ ನರ್ಸೊಬ್ಬಳ ಅಕ್ಷರ: ಎರಡನೆಯ ದಿನ ತೀರಿಕೊಂಡಿದೆ. ಕಿವಿಯ ಅಂಕಣದಲ್ಲಿ ನೇರಳೆ ಮುದ್ರೆ. ಪುಟದ ಅಡಿಯಲ್ಲಿ ನಾನು.

ಸತ್ತ ಕೂಸಿಗೂ ಕೇಳಿಸುತ್ತದೆಂದು ನಾನು ಬರೆದುಕೊಟ್ಟಿದ್ದೆ.

ಕೆಂಪು ಪೆನ್ನು ತೆಗೆದೆ. ನನ್ನ ಸಹಿಯಿದ್ದ ಪ್ರತಿಯೊಂದು ಪುಟದಲ್ಲಿ, ಪ್ರತಿಯೊಂದು ಕೂಸಿನ ಮುಂದೆ, ಮುದ್ರೆಯ ಮೇಲೆ ಗೆರೆಯೆಳೆದು ‘ಪರೀಕ್ಷೆ ನಡೆದಿಲ್ಲ’ ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡುತ್ತ ಹೋದೆ. ಏನನ್ನೂ ಕೆರೆದು ಅಳಿಸಲಿಲ್ಲ. ಹಳೆಯ ಸುಳ್ಳೂ ಹೊಸ ನಿಜವೂ ಒಂದೇ ಸಾಲಿನಲ್ಲಿ ಓದಲು ಸಿಗಬೇಕೆಂಬುದು ನನ್ನ ಹಟವಾಗಿತ್ತು.

ಧರ್ಮಪುರಿ ಕಡೆಯ ಕನ್ನಡದವರಾದ ಹಿರಿಯ ನರ್ಸು ಕಾಫಿ ತಂದವರು ಬಾಗಿಲಲ್ಲೇ ನಿಂತುಬಿಟ್ಟರು.

“ಅಯ್ಯೋ ನನ್ ಕಣ್ಣೇ, ಏನ್ ಮಾಡ್ತಿದೀಯಾ? ಕೆಲ್ಸ ಓಗ್ತೈತೆ ಕಣೇ.”

“ಓಗ್ಲಿ ಅಕ್ಕ.”

“ಓಗ್ಲಿ ಅಂತಾಳೆ, ರಾಣಿ ನೋಡು! ಇದೀಗ ಬಂದೋಳು ನೀನು. ಅದಕ್ಕೂ ಮುಂಚೆ ಎಂಟು ವರ್ಷದ ರಿಜಿಸ್ಟರು ಒಳಗೈತಲ್ಲಾ, ಅದ್ಕೆ ಯಾರು ಗೆರೆ ಎಳೀತಾರೆ?”

“ಯಾರು ಸಹಿ ಆಕಿದಾರೋ ಅವ್ರು.”

ಅವರು ಕಾಫಿಯ ಲೋಟ ಇಟ್ಟರು. ಹೋಗಲಿಲ್ಲ. ಸ್ಟೂಲ್ ಎಳೆದುಕೊಂಡು ಕುಳಿತು, ಕೆಂಪು ಮಸಿ ಎದುರಿನ ಪುಟಕ್ಕೆ ಹತ್ತದಂತೆ ಒತ್ತುಕಾಗದ ಇಡುತ್ತ ಬಂದರು. ಪುಟಗಳು ಮುಗಿದ ಮೇಲೆ ಅವರು ಕೇಳಿದ್ದು ಒಂದೇ: “ಈ ಕೂಸುಗಳ ವಿಳಾಸ ಎಲ್ಲಾ ಕಡತದಾಗೈತೆ. ಕಾರ್ಡ್ ಬರೀತೀಯಾ?” ನಾವಿಬ್ಬರೂ ಬರೆದೆವು: ನಿಮ್ಮ ಕೂಸಿನ ಕಿವಿಯ ಪರೀಕ್ಷೆ ಆಗಿಲ್ಲ, ದಯವಿಟ್ಟು ಕರೆತನ್ನಿ. ಕೆಲವರು ಬಂದರು. ಹಲವರು ಬರಲಿಲ್ಲ. ಬಾರದವರ ಲೆಕ್ಕ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹಿರಿಯ ವೈದ್ಯರು ರಿಜಿಸ್ಟರನ್ನು ನೋಡಿದಾಗ ಕೂಗಾಡಲಿಲ್ಲ. ಕೊಳತ್ತೂರಿನ ಕೂಸಿನ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. “ನಿನಗೆ ಬೇಕಾದದ್ದು ಒಂದು ಪತ್ರ ತಾನೇ?” ಎಂದು ಸಹಿ ಮಾಡಿ, ಕಾಗದವನ್ನು ನನ್ನ ಕಡೆಗೆ ನೂಕಿದರು. ಪಶ್ಚಾತ್ತಾಪದಿಂದ ಕೊಟ್ಟರೆಂದು ನಾನು ಭ್ರಮಿಸಲಿಲ್ಲ. ನನ್ನನ್ನು ಬೇಗ ತಮ್ಮ ಕೋಣೆಯಿಂದ ಹೊರಗೆ ಕಳುಹಿಸುವ ದಾರಿ ಅದೊಂದೇ ಆಗಿತ್ತು. ತಟ್ಟೆ ಹೊಡೆಯುವುದಂತೂ ಮರುವಾರದಿಂದ ನಿಂತಿತು. ಏಕೆ ನಿಂತಿತು, ಯಾರ ಮಾತಿಗೆ ನಿಂತಿತು ಎಂದು ಆ ಆಸ್ಪತ್ರೆ ಎಲ್ಲಿಯೂ ಬರೆದಿಡಲಿಲ್ಲ.

ಬೆಂಗಳೂರಿಗೆ ನಾನೂ ಹೋದೆ. ಯಂತ್ರದ ಕಾಗದದಲ್ಲಿ ಎಡಗಿವಿಯ ಗೆರೆ ಮಟ್ಟಸವಾಗಿತ್ತು, ನರ ಉತ್ತರವನ್ನೇ ಕೊಟ್ಟಿರಲಿಲ್ಲ. ಬಲಗಿವಿಯಲ್ಲಿ, ಸದ್ದನ್ನು ಯಂತ್ರದ ಕೊನೆಯ ಹಂತಕ್ಕೆ ಏರಿಸಿದಾಗ ಮಾತ್ರ, ಮಂಕಾದ ಒಂದು ಅಲೆ. ಅಷ್ಟಿದ್ದರೆ ಅದನ್ನು ಹಿಡಿದು ಕೆಲಸ ಮಾಡಬಹುದು. ಬೇಗ ಮಾಡಿದರೆ ಮಾತ್ರ.

ಬೇಗ ಎಂಬುದು ಅಷ್ಟು ಸುಲಭವಾಗಿರಲಿಲ್ಲ. ಶ್ರವಣಯಂತ್ರ ಕೂರಿಸಲೆಂದು ಕಿವಿಯ ಅಚ್ಚು ತೆಗೆಯಲು ಹೋದರೆ ಒಳಗೆ ಮತ್ತೆ ಎಣ್ಣೆ; ಅಜ್ಜಿ ‘ಒಂದೇ ಒಂದು ತೊಟ್ಟು’ ಬಿಟ್ಟಿದ್ದರು. ಎರಡನೆಯ ಅಚ್ಚು ಸಡಿಲವಾಗಿ ಯಂತ್ರ ಕೀರಲು ದನಿ ತೆಗೆಯಿತು. ಮೂರನೆಯದು ಕೂಡುವಷ್ಟರಲ್ಲಿ ಕೂಸಿನ ಕಿವಿಯೇ ಬೆಳೆದಿತ್ತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪೆಟ್ಟಿಗೆ ಎದೆಯ ಮೇಲೆ, ಅದರಿಂದ ಕಿವಿಗೆ ತಂತಿ. ತಾಯಿ ಅದಕ್ಕೊಂದು ಬಟ್ಟೆಯ ಚೀಲ ಹೊಲಿದು ಎದೆಗೆ ಕಟ್ಟುತ್ತಿದ್ದಳು. ಕೂಸು ದಿನಕ್ಕೆ ಹತ್ತು ಸಲ ಕಿತ್ತೆಸೆಯುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಆ ಪೆಟ್ಟಿಗೆಗೆ ಮಾತು ಯಾವುದು, ಮಗ್ಗ ಯಾವುದು ಎಂಬ ವಿವೇಕವಿರಲಿಲ್ಲ. ಮಗ್ಗ ಓಡುವಷ್ಟು ಹೊತ್ತು ಅದು ಕೂಸಿನ ಕಿವಿಗೆ ಸುರಿಯುತ್ತಿದ್ದದ್ದು ಬರೀ ಬಡಿತ.

ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಗ್ಗ ನಿಲ್ಲಬೇಕು, ಆ ಹೊತ್ತಿನಲ್ಲಿ ಯಾರಾದರೂ ಕೂಸಿನ ಬಳಿ ಕುಳಿತು ಮಾತಾಡಬೇಕು ಎಂದೆ. ನೇಯುವವನಿಗೆ ಆ ಎರಡು ಗಂಟೆಯ ಅರ್ಥ ಏನೆಂದು ನನಗೆ ಗೊತ್ತಿತ್ತು. ಆತ ತನ್ನ ತಾಯಿಯ ಮುಖ ನೋಡಿದ.

“ಮಾತಾಡೋದು ತಾನೇ?” ಎಂದರು ಅಜ್ಜಿ. “ಈ ಮನೇಲಿ ನನ್ ಮಾತು ಯಾರು ಕೇಳ್ತಾರೆ? ಇವಳಾದ್ರೂ ಕೇಳ್ಲಿ.”

ತಿಂಗಳು ಕಳೆಯಿತು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಏನೂ ಇರಲಿಲ್ಲ. ಎರಡನೆಯ ತಿಂಗಳೂ ಏನೂ ಇರಲಿಲ್ಲ. ಅಚ್ಚು ಸರಿಯಿದೆಯೇ, ಬ್ಯಾಟರಿ ಸತ್ತಿದೆಯೇ, ತಂತಿ ಮುರಿದಿದೆಯೇ ಎಂದು ನೋಡಿ ನೋಡಿ ನನಗೆ ನನ್ನ ವಿದ್ಯೆಯ ಮೇಲೆಯೇ ಸಿಟ್ಟು ಬರುತ್ತಿತ್ತು. ಮೂರನೆಯ ತಿಂಗಳಿನ ಒಂದು ಬೆಳಿಗ್ಗೆ ನಾನು ಚಪ್ಪಲಿ ಬಿಡುವ ಮೊದಲೇ ಅಜ್ಜಿ ಹೊರಗೆ ಬಂದರು.

“ಕೇಳ್ತೈತೆ. ನಾ ಕೂಗಿದ್ರೆ ಬೆರಳು ಚೀಪೋದು ನಿಲ್ಲಿಸ್ತಾಳೆ.”

“ಎತ್ಕೊಂಡು ಕೂಗ್ತೀರಾ, ಕೆಳಗೆ ಬಿಟ್ಟು ಕೂಗ್ತೀರಾ?”

“ಶುರು ಮಾಡಿದ್ಲಪ್ಪಾ ಇವಳು!” ಎಂದರೂ, ಅವರೇ ಕೂಸನ್ನು ಮಡಚಿದ ಹಾಸಿಗೆಯ ಮೇಲೆ ಮಲಗಿಸಿದರು. ಕೂಸಿನ ತಲೆಯ ಹಿಂದೆ, ನಾಲ್ಕು ಮೊಳ ಆಚೆ, ನಾನು ತೋರಿಸಿದ ಜಾಗದಲ್ಲಿ ಹೋಗಿ ನಿಂತರು. ನಾನು ಮುಂದುಗಡೆ, ಕೂಸಿನ ಮುಖ ಕಾಣುವಂತೆ ಕುಳಿತೆ. ತಾಯಿ ಕಂಬಕ್ಕೆ ಒರಗಿದ್ದಳು. ಕೂಸು ಬೆರಳು ಚೀಪುತ್ತಿತ್ತು.

ಅಜ್ಜಿ ಕೂಗಿದರು. ಬೆರಳು ನಿಂತಿತು. ಕಣ್ಣು ಅಗಲವಾಯಿತು.

ಕಾದೆವು. ಮತ್ತೆ ಚೀಪತೊಡಗಿದಾಗ ಎರಡನೆಯ ಸಲ ಕೂಗಿದರು. ಕೂಸು ಚೀಪುತ್ತಲೇ ಇತ್ತು. ಏನೂ ಆಗಲಿಲ್ಲ. ತಾಯಿ ಮುಖ ತಿರುಗಿಸಿದಳು. ಮೂರನೆಯ ಸಲ ಅಜ್ಜಿ ಕೂಗಿದಾಗ ಬೆರಳು ಬಾಯಿಂದ ಜಾರಿತು. ಕೂಸು ಬಲಕ್ಕೆ, ಯಂತ್ರವಿದ್ದ ಕಿವಿಯ ಕಡೆಗೆ, ಅರ್ಧ ತಲೆ ಹೊರಳಿಸಿತು.

ನಾನು ನೋಟ್‌ಬುಕ್ಕು ತೆರೆದು ಬರೆದೆ. ಅಜ್ಜಿಗೆ ಓದು ಬಾರದು. ಆದರೂ ನನ್ನ ಭುಜದ ಮೇಲಿಂದ ಬಗ್ಗಿದರು.

“ಏನ್ ಬರ್ದೆ?”

“ಮೂರರಾಗೆ ಎರಡು ಸಲ.”

“ಎರಡ್ಯಾಕೆ? ಮೂರು ಅಂತ ಬರಿ. ನಡುವಿಂದು ನನ್ ಗಂಟ್ಲು ಕಟ್ಟಿತ್ತು.”

“ಎರಡೇ ಆಗಿದ್ದು ಅಜ್ಜಿ.”

ಅವರು ನನ್ನ ಮುಖವನ್ನೂ ಪೆನ್ನನ್ನೂ ನೋಡಿದರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಅವರು ಕೂಸನ್ನೆತ್ತಿ ಸೊಂಟಕ್ಕೇರಿಸಿಕೊಂಡು, ಎದೆಯ ಚೀಲವನ್ನು ನೆಟ್ಟಗೆ ಮಾಡಿದರು.

“ಅಂಗಾರೆ ಎರಡೇ ಬರಿ,” ಎಂದರು. “ಮುಂದಿನ್ ವಾರ ಬಂದು ನೋಡು.”